ಹಟ್ಟಿಯ ಹೊರಗೆ ಹತ್ತು ದಿನದ ಕೋಳಿ ಪಾಠ

ನಾನು ಜೀವನದಲ್ಲಿ ಒಂದು ಮೊಟ್ಟೆಯನ್ನೂ ಮುಟ್ಟಿದವನಲ್ಲ. ಆದರೂ ಮೂವತ್ತೈದು ಜನಕ್ಕೆ ಕೋಳಿ ಸಾಕುವುದನ್ನು ಕಲಿಸಿ, ಚೆನ್ನಾಗಿ ಕಲಿತಿದ್ದಾರೆ ಎಂದು ಸಹಿ ಹಾಕಿಕೊಟ್ಟಿದ್ದೇನೆ. ಕಲಿತವರೂ ನನ್ನಂಥವರೇ, ಹುಟ್ಟಿದಾಗಿನಿಂದ ಕೋಳಿ ಮುಟ್ಟದವರು. ಎರಡೂ ಕಡೆ ಪಾಂಡಿತ್ಯ ಸಮನಾಗಿದ್ದುದರಿಂದ ತರಬೇತಿ ಹೆಚ್ಚು ತಕರಾರಿಲ್ಲದೆ ಮುಗಿಯಿತು.

ನಾನು ಈ ವಿದ್ಯೆಗೆ ಗುರುವಾದದ್ದು ಹೇಗೆಂದು ಮೊದಲು ಹೇಳಬೇಕು. ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ವ್ಯಾಪಾರದ ಮನೆ. ಪರಶುರಾಂಪುರದ ಕಡೆಯಿಂದ ಟ್ರ್ಯಾಕ್ಟರ್‌ನಲ್ಲಿ ಬಂದ ಕಾಯನ್ನು ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಬೀಜ ಹೇಗಿದೆ ಎಂದು ನಮ್ಮಪ್ಪ ಹೇಳಿಬಿಡುತ್ತಿದ್ದರು. ನಾನು ಅಲ್ಲಾಡಿಸಿದರೆ ನನಗೆ ಬರೀ ಸದ್ದು ಕೇಳುತ್ತಿತ್ತು. "ನಿನ್ನ ಕೈಯಾಗೆ ಯಾಪಾರ ಆಗಲ್ಲ ಕಣಲೇ, ಎಲ್ಲಾರ ಮೇಷ್ಟ್ರಾಗು ಹೋಗು" ಎಂದು ಅವರು ಆಶೀರ್ವಾದ ಮಾಡಿದರು. ಮೇಷ್ಟ್ರಾಗಲು ಬರೆಯಬೇಕಾದ ಪರೀಕ್ಷೆಯಲ್ಲಿ ಎರಡು ಸಲ ಬಿದ್ದೆ. ಅಷ್ಟರಲ್ಲಿ ನಮ್ಮೂರಲ್ಲೇ, ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ, ಹಳ್ಳಿಯ ಬಡವರಿಗೆ ಕಸುಬು ಕಲಿಸುವ ತರಬೇತಿ ಕೇಂದ್ರವೊಂದು ತೆರೆಯಿತು. ಅಲ್ಲಿ ಗುತ್ತಿಗೆಯ ಮೇಲೆ ತರಬೇತುದಾರನಾದೆ. ಕಲಿಸುವವರಿಗೆ ಕಲಿಸುವ ಐದು ದಿನದ ಶಿಬಿರ ಒಂದಿತ್ತು. ಪಾಠಕ್ಕೆ ಮೊದಲು ಚಪ್ಪಾಳೆ ಹೊಡೆಸುವುದು ಹೇಗೆ, ನಿದ್ದೆ ಹೋಗುವವರನ್ನು ಎಬ್ಬಿಸುವುದು ಹೇಗೆ, ಗೋಡೆಗೆ ಚಾರ್ಟ್ ಅಂಟಿಸುವುದು ಹೇಗೆ, ಎಲ್ಲ ಹೇಳಿಕೊಟ್ಟರು. ಯಾವ ಕಸುಬು ಕಲಿಸಬೇಕೋ ಅದೊಂದನ್ನು ಹೇಳಿಕೊಡಲಿಲ್ಲ. ಹೀಗೆ ಐದೇ ದಿನದಲ್ಲಿ ನಾನು ಫಿನಾಯಿಲ್, ಮೇಣದಬತ್ತಿ, ಉಪ್ಪಿನಕಾಯಿ, ಅಣಬೆ ನಾಲ್ಕರಲ್ಲೂ ಪರಿಣತನಾಗಿ ಊರಿಗೆ ಮರಳಿದೆ. ನಮ್ಮವ್ವನಿಗೆ ಹಿಗ್ಗೋ ಹಿಗ್ಗು. ನಾನು ಮನೆಯಲ್ಲಿ ಹಾಕಿದ ಉಪ್ಪಿನಕಾಯಿಗೆ ಬೂಷ್ಟು ಬಂದದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಒಂದು ದಿನ ಕೇಂದ್ರದ ಸಂಯೋಜಕರು ನನ್ನನ್ನು ಕರೆದು ಕುದಾಪುರದಾಚೆಯ ಒಂದು ಹಟ್ಟಿಗೆ ಹೋಗಲು ಹೇಳಿದರು. ವರವು ಕಾವಲಿನ ಹುಲ್ಲುಗಾವಲಿಗೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳ ಗೋಡೆ, ಬೇಲಿ ಬಂದ ಮೇಲೆ ಆ ಸುತ್ತಿನ ಹಟ್ಟಿಗಳಲ್ಲಿ ಕುರಿಗಳು ಕಡಿಮೆಯಾಗಿದ್ದವು. ಗೋಡೆಯ ಆಚೆ ವಿಜ್ಞಾನ ಬಂದಿತ್ತು, ಈಚೆ ತರಬೇತಿ ಬರಬೇಕಿತ್ತು. ಆಚೆಯವರು ಆಕಾಶಕ್ಕೆ ಏನೇನೋ ಹಾರಿಸುವವರು. ಈಚೆಯವರ ಪಾಲಿಗೆ ಸರಿಯಾಗಿ ಹಾರಲೂ ಬಾರದ ಹಕ್ಕಿಯೊಂದು ಮಂಜೂರಾಗಿತ್ತು.

"ಕೋಳಿನಾ ಸಾರ್? ನನಗೆ ಕೋಳಿ ಗೊತ್ತಿಲ್ಲ" ಎಂದೆ.

"ಪುಸ್ತಕ ಐತಲ್ರೀ. ಅವ್ರು ಹೆಂಗೂ ಕುರಿ ಸಾಕೋ ಜನ. ಕೋಳಿ ಏನ್ ಕಷ್ಟ? ಎರಡು ಕಾಲು ಕಮ್ಮಿ, ಅಷ್ಟೇ ಅಲ್ವಾ?" ಎಂದು ಅವರು ಜೆರಾಕ್ಸ್ ಪುಸ್ತಕವನ್ನು ಕೈಗಿತ್ತರು.

ಹಟ್ಟಿಯಲ್ಲಿ ನನ್ನನ್ನು ಕಂಬಳಿ ಹಾಸಿ ಕೂರಿಸಿದರು, ಮಜ್ಜಿಗೆ ಕೊಟ್ಟರು. ಚಳ್ಳಕೆರೆಯಿಂದ ಒಬ್ಬರು ವಿದ್ಯೆ ಹೇಳಿಕೊಡಲು ಬಂದಿದ್ದಾರೆಂದು ಹೆಂಗಸರು, ಗಂಡಸರು ಎಲ್ಲ ಬಂದು ಕೂತರು. ನಾನು ಎದ್ದು ನಿಂತು, ಚಪ್ಪಾಳೆ ಹೊಡೆಸಿ, ಕೋಳಿ ಸಾಕಣೆಯಿಂದ ಬಡತನ ನೀಗುವ ಬಗೆಯನ್ನು ಓದಿದೆ. ಓದಿ ಮುಗಿದ ಮೇಲೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಟ್ಟಿಯ ಯಜಮಾನ ಗಂಟಲು ಸರಿಮಾಡಿಕೊಂಡರು.

"ಕೋಳಿನಾ ಮೇಷ್ಟ್ರೇ? ನಮ್ಮ ಹಟ್ಟಿಯಾಗೆ ಕೋಳಿ ಕಾಲಿಡಂಗಿಲ್ಲ. ಸಾಕಂಗಿಲ್ಲ, ತಿನ್ನಂಗಿಲ್ಲ, ಮುಟ್ಟಂಗಿಲ್ಲ. ಮುಟ್ಟಿದೋರು ತಲೆ ಮೇಲೆ ನೀರು ಹಾಕ್ಕಂಡೇ ಒಳಗೆ ಬರ್ಬೇಕು. ಮುತ್ತಾತನ ಕಾಲದಿಂದ್ಲೂ ಹಿಂಗೇ ನಡ್ಕಂಡು ಬಂದೈತೆ."

ಇಪ್ಪತ್ತು ಮೈಲಿಯೂ ಆಗದಷ್ಟು ದೂರದಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ಅವರ ಶೇಂಗಾ ನಮಗೆ ಗೊತ್ತಿತ್ತು, ಅವರ ಕಂಬಳಿ ಗೊತ್ತಿತ್ತು, ಅವರು ಏನು ತಿನ್ನುತ್ತಾರೆ, ಏನು ಬಿಟ್ಟಿದ್ದಾರೆ ಎಂದು ಕೇಳುವ ಪ್ರಸಂಗ ನಮ್ಮ ಮನೆಯಲ್ಲಿ ಯಾವತ್ತೂ ಬಂದಿರಲಿಲ್ಲ. ಬೆವರು ಒರೆಸಿಕೊಂಡು ಸಂಯೋಜಕರಿಗೆ ಫೋನ್ ಮಾಡಿದೆ. "ಮೇಲಿಂದ ಮಂಜೂರಾಗೈತೆ, ಬದಲಾಯ್ಸೋಕೆ ಬರಲ್ಲ, ಅವ್ರನ್ನೇ ಒಪ್ಪಿಸ್ರೀ" ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಹಿಂದೆ ಗಾದೆಯಲ್ಲಿದ್ದರು, ಈಗ ಕಚೇರಿಯಲ್ಲಿದ್ದಾರೆ.

ಹಟ್ಟಿಯ ಹಿರಿಯರು ತಮ್ಮತಮ್ಮಲ್ಲೇ ತೆಲುಗಿನಲ್ಲಿ ಮಾತಾಡಿಕೊಂಡರು. ಮನೆ ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸಿದರೆ ಮರ್ಯಾದೆಯಲ್ಲ ಎಂಬುದು ಅವರ ಚಿಂತೆ. ದಿನಾ ಮಧ್ಯಾಹ್ನ ಊಟ ಕೊಡುತ್ತಾರೆ ಎಂಬ ನನ್ನ ಮಾತೂ ತಕ್ಕಡಿಯಲ್ಲಿ ಬಿದ್ದಿರಬೇಕು. ಕೊನೆಗೆ ಯಜಮಾನರು ತೀರ್ಪು ಕೊಟ್ಟರು: "ಕೋಳಿ ತರಂಗಿಲ್ಲ. ಕೋಳಿ ಮಾತು ಕೇಳೋಕೆ ಅಡ್ಡಿಯಿಲ್ಲ. ಅದ್ನೂ ಹಟ್ಟಿ ಹೊರಗೇ ಆಡ್ರಿ." ಮಠದಲ್ಲಿ, ಕೋರ್ಟಿನಲ್ಲಿ ಎಷ್ಟೋ ತೀರ್ಪು ಕೇಳಿದ್ದೇನೆ. ಎರಡೂ ಕಡೆಯವರ ಮಾನ ಉಳಿಸಿದ ಇಂಥ ತೀರ್ಪನ್ನು ಇನ್ನೊಂದು ಕೇಳಿಲ್ಲ.

ಹೆಸರು ಬರೆದುಕೊಂಡಾಗ ಮೂವತ್ತನಾಲ್ಕಾಯಿತು. ಮೂವತ್ತೈದಾಗದೆ ತಂಡ ನಡೆಯುವಂತಿರಲಿಲ್ಲ. ಹಿಂದೆ ನಿಂತಿದ್ದ, ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಹೆಸರು ಕೊಡದೆ ನನ್ನನ್ನೇ ನೋಡುತ್ತಿದ್ದಳು.

"ಮೋಟಾರ್ ವೈಂಡಿಂಗ್ ಕಲಿಸಲ್ವೇನ್ರಿ ಮೇಷ್ಟ್ರೇ?" ಎಂದು ಕೇಳಿದಳು.

ಬೋರ್‌ವೆಲ್ ಮೋಟಾರು ಸುಟ್ಟಾಗ ಒಳಗಿನ ತಾಮ್ರದ ತಂತಿಯನ್ನು ಕಿತ್ತು ಹೊಸದಾಗಿ ಸುತ್ತುವ ಕೆಲಸ ಅದು. ನಮ್ಮ ಕಡೆ ಮಳೆಗಿಂತ ಮೋಟಾರು ಸುಡುವುದೇ ಹೆಚ್ಚು, ಆದ್ದರಿಂದ ಆ ಕಸುಬಿಗೆ ಬರಗಾಲವೆಂಬುದಿಲ್ಲ. ಈಕೆಯ ಅಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟಿತ್ತು. ಅಕ್ಕನ ಗಂಡನದು ಅಲ್ಲಿ ವೈಂಡಿಂಗ್ ಅಂಗಡಿ. ಅಕ್ಕನ ಬಾಣಂತನಕ್ಕೆಂದು ಹೋದವಳು ಅಂಗಡಿಗೆ ಬುತ್ತಿ ಒಯ್ಯುತ್ತಾ, ಭಾವನ ಪಕ್ಕ ಕೂತು ತಂತಿ ಸುತ್ತುತ್ತಾ, ಪೂರ್ತಿ ಕೆಲಸ ಕಲಿತಿದ್ದಳು. ಈಗ ಭಾವನಿಗೆ ಕಣ್ಣು ಮಂಜಾಗಿತ್ತು. ಅಂಗಡಿ ನಿಂತಿದ್ದದ್ದೇ ಪಂಚಾಯಿತಿಗಳ ಕುಡಿಯುವ ನೀರಿನ ಮೋಟಾರುಗಳಿಂದ. ಆ ಕೆಲಸವನ್ನು ಇನ್ನುಮುಂದೆ ಪ್ರಮಾಣಪತ್ರ ಇದ್ದವರಿಗೇ ಕೊಡುತ್ತೇವೆ ಎಂದು ಹೇಳಿಬಿಟ್ಟಿದ್ದರು.

"ನನ್ನ ಗಂಡ ಈಗ ಬ್ಯಾರೆಯೋರ ಕುರಿ ಕಾಯೋಕೆ ಹೋಗ್ತಾನೆ. ಅದ್ರಾಗೆ ಮನೆ ನಡೆಯಲ್ಲ. ನಾನು ಹತ್ತನೇ ಕ್ಲಾಸು ಪಾಸಾಗೀನಿ. ಒಂದು ಕಾಗದ ಸಿಕ್ರೆ ಆ ಅಂಗಡಿನೂ ಉಳೀತೈತೆ, ನಾವೂ ಉಳೀತೀವಿ" ಎಂದಳು.

"ವೈಂಡಿಂಗೂ ಬರ್ತೈತೆ ಕಣಮ್ಮ, ಚಳ್ಳಕೆರೆಗೇ ಬರ್ತೈತೆ. ಮೊದ್ಲು ಇದಕ್ಕೆ ಸೇರ್ಕೋ. ಆಮೇಲೆ ಅದಕ್ಕೂ ನಿನ್ನ ಹೆಸರು ನಾನೇ ಹಾಕ್ತೀನಿ" ಎಂದೆ.

ಸುಳ್ಳು ಹೇಳಿದೆ ಎನ್ನುವಂತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ದನಿಯಲ್ಲಿ ಹೇಳಿದೆ. ಆ ಐದು ದಿನದ ಶಿಬಿರದಲ್ಲಿ ನಾನು ನಿಜವಾಗಿ ಕಲಿತದ್ದು ಅದೊಂದನ್ನೇ. ಅವಳು ಆಧಾರ್ ಕಾರ್ಡ್ ತಂದುಕೊಟ್ಟಳು, ನನಗೆ ಮೂವತ್ತೈದಾಯಿತು.

ಹಟ್ಟಿಯ ಹೊರಗೆ ಬೇವಿನ ಮರದ ಕೆಳಗೆ ಹತ್ತು ದಿನ ಪಾಠ ನಡೆಯಿತು. ನಾನು ಹಲಗೆಯ ಮೇಲೆ ಬರೆದ ಕೋಳಿ ಕೊಡಪಾನದ ಹಾಗಿತ್ತು. ಆದರೂ ಒಬ್ಬ ಅಜ್ಜಿ ದಿನಾ ಸಂಜೆ ಅದನ್ನು ಒರೆಸಿದ ಮೇಲೇ ನನ್ನನ್ನು ಬಸ್ಸಿಗೆ ಬಿಡುತ್ತಿದ್ದಳು. ಜನ ಶ್ರದ್ಧೆಯಿಂದ ಕೇಳಿದರು, ಪ್ರಶ್ನೆಗಳನ್ನೂ ಕೇಳಿದರು. ಹಿಕ್ಕೆ ಯಾವ ಬಣ್ಣ ಬಂದರೆ ಯಾವ ರೋಗ, ಮರಿಗೆ ಚಳಿ ಹಿಡಿದರೆ ಏನು ಮಾಡಬೇಕು, ಮೇವು ತಿನ್ನದಿದ್ದರೆ ಬಾಯಿ ತೆರೆದು ಏನು ನೋಡಬೇಕು? ಕುರಿಯ ಜೊತೆ ಬದುಕಿದವರ ಪ್ರಶ್ನೆಗಳು ಅವು. ನಾನು ಪುಟ ತಿರುವಿ "ಪಶುವೈದ್ಯರನ್ನು ಸಂಪರ್ಕಿಸುವುದು" ಎಂದು ಓದುತ್ತಿದ್ದೆ. ಅವರು ಪಾಪ, ತಲೆಯಾಡಿಸುತ್ತಿದ್ದರು.

ನಾಲ್ಕನೆಯ ದಿನವೋ ಐದನೆಯ ದಿನವೋ, ನಾನು ಕಾವು ಕೊಡುವ ವಿಧಾನ ಓದುತ್ತಿದ್ದಾಗ, ದೂರದ ನೀರಿನ ಟ್ಯಾಂಕಿನ ಕಡೆಯಿಂದ ಮೋಟಾರಿನ ಸದ್ದು ಬರುತ್ತಿತ್ತು. ಆಕೆ ತಟ್ಟನೆ ಎದ್ದಳು. "ಕರೆಂಟು ಒಂದು ಫೇಸು ಹೋಗೈತೆ, ಮೋಟಾರ್ ಸುಟ್ಟೋಗ್ತೈತೆ" ಎಂದವಳೇ ಸೆರಗು ಸಿಕ್ಕಿಸಿಕೊಂಡು ಓಡಿ ಸ್ವಿಚ್ಚು ಆರಿಸಿ ಬಂದಳು. ನಮಗಾರಿಗೂ ಸದ್ದಿನಲ್ಲಿ ಯಾವ ವ್ಯತ್ಯಾಸವೂ ಕೇಳಿರಲಿಲ್ಲ. ಶೇಂಗಾ ಅಲ್ಲಾಡಿಸುವ ಅಪ್ಪನ ಕಿವಿ ನೆನಪಾಯಿತು. ಅವಳು ಮತ್ತೆ ಬಂದು ಕೂತಳು, ನಾನು ಕಾವು ಮುಂದುವರಿಸಿದೆ.

ಕೊನೆಯ ದಿನ ಮೇಲಿನಿಂದ ತನಿಖೆಗೆ ಬರುವವರಿದ್ದರು. ಫೋಟೋದಲ್ಲಿ ಕೋಳಿ ಇರಲೇಬೇಕು ಎಂದು ಸಂಯೋಜಕರು ಹೇಳಿದ್ದರು. ಬೆಳಿಗ್ಗೆಯೇ ಮೊಳಕಾಲ್ಮೂರಿಗೆ ಹೋಗಿ ಒಂದು ಕೋಳಿ ಅಂಗಡಿಯ ಮುಂದೆ, ನೆಂಟರು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ಕಣ್ಣಾಡಿಸಿ, ಬಾಡಿಗೆಗೆ ಒಂದು ಕೋಳಿ ಬೇಕೆಂದೆ.

"ಬಾಡಿಗೆಗಾ? ಏಂಟಿ ಸಾರ್ ಇದಿ! ಇಷ್ಟು ವರ್ಷದಾಗೆ ನನ್ನ ಅಂಗಡಿಯಿಂದ ಹೋದ ಕೋಳಿ ಒಂದೂ ವಾಪಸ್ ಬಂದಿಲ್ಲ" ಎಂದು ಅಂಗಡಿಯವನು ನಕ್ಕ. ನಗುತ್ತಲೇ ಒಂದು ಕೆಂಪು ಹೇಂಟೆಯನ್ನು ಬುಟ್ಟಿಗೆ ಹಾಕಿಕೊಟ್ಟ. ಬಸ್ಸಿನಲ್ಲಿ ಬುಟ್ಟಿಯನ್ನು ಆದಷ್ಟು ದೂರಕ್ಕೆ ಚಾಚಿ ಹಿಡಿದು ಕೂತೆ. ಪಕ್ಕದವರು ನಾನು ಬಾಂಬು ಒಯ್ಯುತ್ತಿದ್ದೇನೆಂದು ತಿಳಿದಿರಬೇಕು, ಎದ್ದು ಹಿಂದೆ ಹೋದರು.

ತನಿಖೆಯ ಅಧಿಕಾರಿಗೆ ಒಬ್ಬ ಫಲಾನುಭವಿ ಕೋಳಿ ಹಿಡಿದು ನಗುವ ಫೋಟೋ ಬೇಕಿತ್ತು. ಮೂವತ್ತೈದು ಜನರೂ ಎರಡು ಹೆಜ್ಜೆ ಹಿಂದೆ ಸರಿದರು. ಹತ್ತನೇ ಕ್ಲಾಸು ಓದಿದವಳೆಂದು ವೈಂಡಿಂಗ್ ಕೇಳಿದಾಕೆಯನ್ನೇ ಮುಂದೆ ಕರೆದರು. "ಮುಖ ಬೇಕಾದ್ರೆ ತಗಳ್ರಿ. ಕೈ ಕೊಡಲ್ಲ" ಎಂದಳು. ಅಧಿಕಾರಿ ಬುದ್ಧಿವಂತರು. ಅವಳನ್ನು ಹಟ್ಟಿಯ ಹೊರಗಿನ ಒಂದು ಮೋಟುಗೋಡೆಯ ಹಿಂದೆ ನಿಲ್ಲಿಸಿದರು. ಅದೇ ಗೋಡೆಯ ಮರೆಯಲ್ಲಿ ನನ್ನನ್ನು ಕುಕ್ಕರಗಾಲಲ್ಲಿ ಕೂರಿಸಿ, ಕೈಗೆ ಹಸಿರು ಬಳೆ ತೊಡಿಸಿ, ತೋಳಿಗೆ ಸೀರೆಯ ಬಣ್ಣದ ಬಟ್ಟೆ ಸುತ್ತಿ, ಕೋಳಿಯನ್ನು ಮೇಲೆತ್ತಿ ಹಿಡಿಯಲು ಹೇಳಿದರು. ಮೇಲೆ ಅವಳ ಮುಖ, ಕೆಳಗೆ ನನ್ನ ಕೈ, ನಡುವೆ ಬಾಡಿಗೆ ಕೋಳಿ. ಹಟ್ಟಿಯ ಮಕ್ಕಳು ಬಿದ್ದು ಬಿದ್ದು ನಕ್ಕರು. ಯಜಮಾನರು ಮಾತ್ರ ನಗದೆ ಬೇರೆ ಕಡೆ ನೋಡಿದರು. ಕೋಳಿ ನನ್ನ ಮುಂಗೈ ಮೇಲೆ ಮಾಡಬೇಕಾದ್ದನ್ನು ಮಾಡಿತು.

ಮನೆಗೆ ಬಂದಾಗ ಅವ್ವ ಹಿತ್ತಿಲಿನಲ್ಲೇ ನಿಲ್ಲಿಸಿ ನೀರು ಹುಯ್ದಳು, ಹಣೆಗೆ ವಿಭೂತಿ ಬಳಿದಳು. "ಕೋಳಿ ಮುಟ್ಟಿದ್ದು ಹಾಳಾಗ್ಲಿ, ಕೈಗೆ ಬಳೆ ಯಾಕಲೇ?" ಎಂದಳು. ಒಂದು ಬಳೆ ಕಳಚಲಾಗದೆ ಹಾಗೇ ಉಳಿದುಬಿಟ್ಟಿತ್ತು.

ಆರು ತಿಂಗಳ ಮೇಲೆ ವೈಂಡಿಂಗ್ ತರಬೇತಿ ನಿಜಕ್ಕೂ ಬಂತು. ಮೂವತ್ತು ದಿನ, ಕೊನೆಗೆ ಪ್ರಮಾಣಪತ್ರ, ಜೊತೆಗೆ ಒಂದು ಟೂಲ್ ಕಿಟ್. ಕೊಟ್ಟ ಮಾತಿನಂತೆ ನಾನೇ ಫೋನ್ ಮಾಡಿ ಆಕೆಯನ್ನು ಕರೆಸಿದೆ. ಮೊದಲ ಬಸ್ಸಿಗೇ ಬಂದಳು. ಕಂಪ್ಯೂಟರಿಗೆ ಆಧಾರ್ ನಂಬರ್ ಹಾಕಿದೊಡನೆ ಕೆಂಪಕ್ಷರ ಬಂತು. ಈಗಾಗಲೇ ತರಬೇತಿ ಪಡೆದಿದ್ದಾರೆ: ಕೋಳಿ ಸಾಕಣೆ. ಒಬ್ಬರಿಗೆ ಒಂದೇ ತರಬೇತಿ ಎಂಬುದು ನಿಯಮ. ಬಡತನದಿಂದ ಹೊರಬರಲು ಸರ್ಕಾರ ಒಂದೇ ಬಾಗಿಲು ತೆರೆಯುತ್ತದೆ, ಅವಳ ಬಾಗಿಲಿಗೆ ನಾನು ಕೋಳಿ ಕಟ್ಟಿದ್ದೆ.

"ನಾನು ಕೋಳಿ ಕಲ್ತಿಲ್ಲ ಅಂತ ಬರ್ಕೊಡ್ತೀನ್ರಿ" ಎಂದಳು.

"ಹಂಗ್ ಬರೆದ್ರೆ ನಾವು ಕಲಿಸಿಲ್ಲ ಅಂತಾಗ್ತೈತಲ್ಲಮ್ಮ. ಇವರ ಕೆಲಸ ಹೋಗ್ತೈತೆ" ಎಂದು ಸಂಯೋಜಕರು ನನ್ನ ಕಡೆ ಕೈ ತೋರಿಸಿದರು.

ಅವಳು ನನ್ನನ್ನು ನೋಡಿದಳು. ನಾನು ಕೀಬೋರ್ಡು ನೋಡಿದೆ.

"ಹಂಗಾದ್ರೆ ಕಲ್ತಿದ್ದನ್ನ ಮರೆಯೋಕೆ ಎಷ್ಟು ದಿನದ ತರಬೇತಿ ಐತ್ರಿ? ಅದಕ್ಕಾದ್ರೂ ನನ್ನ ಹೆಸರು ಹಾಕ್ರಿ" ಎಂದಳು.

ಸಂಯೋಜಕರು ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ, ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ಆ ನಗೆಗೆ ಇವತ್ತಿಗೂ ನನಗೆ ನಾಚಿಕೆಯಿದೆ. "ಹೌದು, ಕಲಿಸಿಲ್ಲ" ಎಂದು ನಾನು ಬರೆದುಕೊಡಬಹುದಿತ್ತು. ಬರೆದಿದ್ದರೆ ಅಪ್ಪನ ಅಂಗಡಿಯಲ್ಲಿ ಮತ್ತೆ ಶೇಂಗಾ ಅಲ್ಲಾಡಿಸಬೇಕಾಗುತ್ತಿತ್ತು, ಅಷ್ಟೇ. ಅಷ್ಟಕ್ಕೇ ಹೆದರಿದೆ.

ಖಾಲಿ ಉಳಿದ ಅವಳ ಜಾಗಕ್ಕೆ ಬಂದದ್ದು ಯಾರು ಗೊತ್ತೇ? ಮೊಳಕಾಲ್ಮೂರಿನ ಕೋಳಿ ಅಂಗಡಿಯವನು. ಟೂಲ್ ಕಿಟ್ ಕೊಡುತ್ತಾರೆಂದು ಯಾರೋ ಹೇಳಿದ್ದರಂತೆ. ತಿಂಗಳು ಪೂರ್ತಿ ಹಿಂದಿನ ಬೆಂಚಿನಲ್ಲಿ ಕೂತು, ತಂತಿ ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ಮುಟ್ಟದೆ, ಪ್ರಮಾಣಪತ್ರ ಪಡೆದ. ಹೀಗೆ ಕೋಳಿ ಮುಟ್ಟದವಳು ಕೋಳಿ ಸಾಕಣೆಯಲ್ಲಿ, ತಂತಿ ಮುಟ್ಟದ ಕೋಳಿಯವನು ವೈಂಡಿಂಗಿನಲ್ಲಿ ನುರಿತವರೆಂದು ದಾಖಲೆಯಾಯಿತು. ಅವನೇನು ಕೆಟ್ಟವನಲ್ಲ. ಪಂಚಾಯಿತಿಗೆ ತನ್ನ ಕಾಗದ ಕೊಟ್ಟ, ಮೋಟಾರುಗಳನ್ನು ಆಕೆಯ ಭಾವನ ಅಂಗಡಿಗೆ ಕಳಿಸಿದ. ಅವಳು ಸುತ್ತುವಳು, ಅವನು ಸಹಿ ಹಾಕುವನು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತಾರಲ್ಲ, ಹಾಗೆ ಬಿಲ್ಲಿನಲ್ಲಿ ಹೆಸರೂ ಅವನದೇ, ಪಾಲಿನಲ್ಲಿ ದೊಡ್ಡದೂ ಅವನದೇ. ಅವನು ಯಾವಾಗ ಬೇಡವೆಂದರೆ ಅವತ್ತಿಗೆ ಅಂಗಡಿ ಬಂದ್.

ಹೋದ ಬೇಸಿಗೆಯಲ್ಲಿ ನಮ್ಮ ಕೇಂದ್ರದ ಬೋರ್‌ವೆಲ್ ಮೋಟಾರೇ ಸುಟ್ಟಿತು. ಅಷ್ಟೊತ್ತಿಗೆ ನಾವು ವೈಂಡಿಂಗಿನಲ್ಲಿ ನಾಲ್ಕು ತಂಡ ತಯಾರು ಮಾಡಿದ್ದೆವು. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಒಬ್ಬ ಆಟೋ ಓಡಿಸುತ್ತಿದ್ದ, ಒಬ್ಬ ಈರುಳ್ಳಿ ಮಂಡಿಯಲ್ಲಿದ್ದ, ಇನ್ನೊಬ್ಬ "ಯಾವ ವೈಂಡಿಂಗ್ ಸಾರ್?" ಎಂದ. ಕೋಳಿ ಅಂಗಡಿಯವನು ಮಾತ್ರ "ನಾನು ಕಳಿಸ್ತೀನಿ ಸಾರ್" ಎಂದ. ಬಂದವಳು ಆಕೆ.

ಮೋಟಾರನ್ನು ಬಿಚ್ಚಿ ಮೂಸಿ ನೋಡಿದಳು. "ಒಂದು ಫೇಸ್ ಇಲ್ದೇ ಓಡಿಸ್ಯಾರೆ. ಯಾರ್ರೀ ಇಲ್ಲಿ ನೋಡ್ಕಳೋರು?" ಎಂದಳು. ನೋಡಿಕೊಳ್ಳುವವನು ನಾನೇ. ಪಡಸಾಲೆಯಲ್ಲೇ ಕೂತು ಎರಡು ದಿನ ತಂತಿ ಸುತ್ತಿದಳು. ಭಾವ ಕಲಿಸಿದ ಹಾಗೆ ಸುತ್ತುಗಳನ್ನು ತೆಲುಗಿನಲ್ಲಿ ಎಣಿಸುತ್ತಿದ್ದಳು, ಒಕಟಿ, ರೆಂಡು, ಮೂಡು. ನಡುವೆ ಯಾರು ಮಾತಾಡಿಸಿದರೂ ಉತ್ತರ ಕೊಡುತ್ತಿರಲಿಲ್ಲ. ಒಳಗೆ ಹೊಸ ತಂಡಕ್ಕೆ ಯಾರೋ ಚಪ್ಪಾಳೆ ಹೊಡೆಸುತ್ತಿದ್ದರು. ಎರಡನೆಯ ದಿನ ಸಂಜೆ ನಲ್ಲಿಯಲ್ಲಿ ನೀರು ಬಂತು.

ಕೈ ತೊಳೆದು ತಲೆಯೆತ್ತಿದಾಗ ಎದುರಿನ ಗೋಡೆಯ ಮೇಲೆ ತನ್ನನ್ನೇ ಕಂಡಳು. ಯಶಸ್ವಿ ಫಲಾನುಭವಿ ಎಂದು ದೊಡ್ಡದಾಗಿ ಮಾಡಿಸಿದ ಪೋಸ್ಟರ್. ಅವಳ ಮುಖ, ಕೆಂಪು ಹೇಂಟೆ, ಹಸಿರು ಬಳೆಯ ಕೈ. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

"ಅಲ್ಲಿ ಮುಖ ನಂದು, ಕೈ ನಿಮ್ದು. ಮೋಟಾರ್‌ನಾಗೆ ಕೈ ನಂದು, ಹೆಸ್ರು ಕೋಳಿಯೋನ್ದು. ನಾನು ಪೂರ್ತಿ ಎಲ್ಲೈದೀನ್ರಿ ಮೇಷ್ಟ್ರೇ?" ಎಂದಳು.

ನಾನು ಬಿಲ್ಲಿನ ನಮೂನೆ ತೆಗೆದು ಮುಂದಿಟ್ಟೆ. ಅದರಲ್ಲಿ ಮೆಕ್ಯಾನಿಕ್‌ನ ಹೆಸರು, ಪ್ರಮಾಣಪತ್ರದ ಸಂಖ್ಯೆ ಎಂದು ಎರಡು ಗೆರೆ ಇತ್ತು. ಪಂಚಾಯಿತಿಗಳ ರೂಢಿಯಂತೆ ಕೋಳಿ ಅಂಗಡಿಯವನ ಹೆಸರು ಬರೆಯಲು ಹೋದೆ. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ದುಂಡಗೆ ತನ್ನ ಹೆಸರು ಬರೆದಳು. ಪ್ಲಾಸ್ಟಿಕ್ ಕವರಿನಿಂದ ಮಡಿಸಿದ ಕಾಗದ ತೆಗೆದು, ನಾನೇ ಸಹಿ ಹಾಕಿದ್ದ ಕೋಳಿ ಸಾಕಣೆಯ ಪ್ರಮಾಣಪತ್ರದ ಸಂಖ್ಯೆಯನ್ನು ನೋಡಿಕೊಂಡು ಬರೆದು, ಅದರ ಜೆರಾಕ್ಸನ್ನು ಬಿಲ್ಲಿಗೆ ಪಿನ್ನು ಹೊಡೆದಳು.

"ಇದೂ ನಿಮ್ಮದೇ ಅಲ್ವಾ? ನೀವು ಹಾಕ್ರಿ ಸಹಿ. ಯಾರು ಓದ್ತಾರೋ ನೋಡೇ ಬಿಡಣ."

ಸಹಿ ಹಾಕಿದೆ. ಸಂಯೋಜಕರು ಸೀಲು ನೋಡಿ ಸಹಿ ಹಾಕಿದರು. ಅವರ ಮೇಲಿನವರು ಸಂಯೋಜಕರ ಸಹಿ ನೋಡಿ ಸಹಿ ಹಾಕಿದರು. ಹದಿನೈದು ದಿನಕ್ಕೆ ಬಿಲ್ಲು ಪಾಸಾಗಿ ಬಂತು.

ಅದನ್ನು ಹಿಡಿದುಕೊಂಡು ಅವಳು ಪಂಚಾಯಿತಿಗಳಿಗೆ ಹೋದಳು. ಅಲ್ಲೂ ಯಾರೂ ಓದಲಿಲ್ಲ, ಮೋಟಾರಿನ ಕೆಲಸ ಅವಳ ಹೆಸರಿಗೇ ಬಂತು. ಈಗ ಮೊಳಕಾಲ್ಮೂರಿನ ಅಂಗಡಿಯ ಬೋರ್ಡಿನಲ್ಲಿ ಭಾವನ ಹೆಸರಿನ ಕೆಳಗೆ ಅವಳ ಹೆಸರಿದೆ. ಸುತ್ತಿನ ಹಳ್ಳಿಗಳು ಕುಡಿಯುತ್ತಿರುವುದು ಕೋಳಿ ಸಾಕಣೆಯ ಪ್ರಮಾಣಪತ್ರದ ಮೇಲೆ ಬರುವ ನೀರನ್ನು. ನಾನು ಕಲಿಸಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಆ ಕೋಳಿ ಸಾಕಣೆಯೊಂದೇ, ಅದನ್ನೂ ನಾನು ಕಲಿಸಿರಲಿಲ್ಲ.